ಮನೆಯೊಳಗಿನ ಸೈಕಲ್ ಟ್ರೇನರ್: ಕೊಳ್ಳಬೇಕೇ, ಬೇಡವೇ?

ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲ್ ತಿರುಗಿಸದ ಮಕ್ಕಳು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಹಿಂದಿನ ಗಾಲಿ ಗಿರ್ರನೆ ತಿರುಗುತ್ತದೆ. ಸೈಕಲ್ ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಗಾಲಿಗೆ ಡೈನಮೋ ತಾಗಿಸಿದರೆ ದೀಪ ಹೊತ್ತಿಕೊಳ್ಳುತ್ತದೆ, ಜೊತೆಗೆ ಪೆಡಲ್ ಸ್ವಲ್ಪ ಭಾರವಾಗುತ್ತದೆ. ಗಾಲಿ ನೆಲ ಬಿಟ್ಟು ತಿರುಗಬೇಕು, ಅದಕ್ಕೊಂದು ತಡೆ ಇರಬೇಕು. ಒಳಾಂಗಣ ಸೈಕಲ್ ಟ್ರೇನರ್ ಎಂಬ ಸಾಧನದ ತಿರುಳು ಇಷ್ಟೇ. ಟ್ರೇನರ್ ಎಂದರೆ ಇಲ್ಲಿ ತರಬೇತುದಾರರಲ್ಲ. ನಮ್ಮದೇ ಸೈಕಲ್ಲನ್ನು ಹಿಡಿದು ನಿಲ್ಲಿಸಿ, ಮನೆಯೊಳಗೇ ತುಳಿಯಲು ಅನುವು ಮಾಡಿಕೊಡುವ ಚೌಕಟ್ಟು.

ಇದನ್ನು ಕೊಳ್ಳುವುದು ಲಾಭವೇ? ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಕಟಕೋಳದಲ್ಲಿಟ್ಟು ನೋಡೋಣ. ಏಕೆಂದರೆ ಸೈಕಲ್ ಪಂದ್ಯ ಈ ಸೀಮೆಗೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳು ರಾಜ್ಯಕ್ಕೂ ದೇಶಕ್ಕೂ ಅನೇಕ ಸೈಕಲ್ ಪಟುಗಳನ್ನು ಕೊಟ್ಟಿವೆ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲೇ ಕ್ರೀಡಾ ಶಾಲೆಯಿದ್ದು, ಅಲ್ಲಿನ ಮಕ್ಕಳು ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದಾರೆ. ಇಂಥ ಊರಿನ ಪಿ.ಯು. ವಿದ್ಯಾರ್ಥಿನಿಯೊಬ್ಬಳು ಅಪ್ಪನನ್ನು ಕೇಳುತ್ತಾಳೆ ಎಂದು ಊಹಿಸಿಕೊಳ್ಳಿ:

“ಅಪ್ಪಾ, ನನಗೊಂದು ಟ್ರೇನರ್ ಕೊಡಸ್ರಿ. ಮನ್ಯಾಗ ಪ್ರಾಕ್ಟೀಸ್ ಮಾಡತೀನಿ.”

“ಇಷ್ಟುದ್ದ ರಸ್ತಾ ಬಿದ್ದೈತಿ. ಮನ್ಯಾಗ ಕುಂತು ಯಾಕವಾ ಸೈಕಲ್ ತುಳಿಯೂದು?”

ಇಬ್ಬರ ಮಾತಿನಲ್ಲೂ ಹುರುಳಿದೆ. ಯಾರ ಮಾತು ಎಲ್ಲಿಯವರೆಗೆ ಸರಿ ಎಂಬುದನ್ನು ತಿಳಿಯಲು ಮೊದಲು ಯಂತ್ರವನ್ನು ಅರಿಯಬೇಕು.

ಟ್ರೇನರ್ ಕೆಲಸ ಮಾಡುವ ಬಗೆ

ರಸ್ತೆಯ ಮೇಲೆ ನಮ್ಮನ್ನು ತಡೆಯುವವು ಮುಖ್ಯವಾಗಿ ಮೂರು: ಟೈರು ಮತ್ತು ನೆಲದ ನಡುವಿನ ಉರುಳು ತಡೆ, ಏರು, ಗಾಳಿ. ಸಮತಟ್ಟು ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಗಾಳಿಯ ತಡೆಯೇ ದೊಡ್ಡದಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು; ಅದನ್ನು ಸೀಳಲು ಬೇಕಾಗುವ ಸಾಮರ್ಥ್ಯ ಎಂಟು ಪಟ್ಟು. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹಾಡು ಗುನುಗುತ್ತ ಹೋಗುವವರು 30 ಕಿ.ಮೀ. ವೇಗದಲ್ಲಿ ಏದುಸಿರು ಬಿಡುವುದು ಇದರಿಂದಲೇ.

ಮನೆಯೊಳಗೆ ಏರೂ ಇಲ್ಲ, ಎದುರುಗಾಳಿಯೂ ಇಲ್ಲ. ಆದ್ದರಿಂದ ತಡೆಯನ್ನು ಕೃತಕವಾಗಿ ಒಡ್ಡಬೇಕು. ಅಗ್ಗದ ಟ್ರೇನರಿನಲ್ಲಿ ಹಿಂದಿನ ಟೈರು ಒಂದು ಸಣ್ಣ ಉರುಳೆಯನ್ನು ತಿರುಗಿಸುತ್ತದೆ. ಉರುಳೆಗೆ ಜೋಡಿಸಿದ ಲೋಹದ ತಟ್ಟೆ ಕಾಂತಗಳ ನಡುವೆ ಸುತ್ತುತ್ತದೆ. ಆಗ ತಟ್ಟೆಯಲ್ಲಿ ಸುಳಿ ಪ್ರವಾಹಗಳು ಹುಟ್ಟಿ, ತಮ್ಮನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತವೆ. ವಿಜ್ಞಾನದ ವಿದ್ಯಾರ್ಥಿಗಳು ಓದುವ ಲೆಂಜ್ ನಿಯಮ ಇದೇ. ಹಳೆಯ ಮಾದರಿಯ ವಿದ್ಯುತ್ ಮೀಟರಿನಲ್ಲಿ ಅಡ್ಡಲಾಗಿ ತಿರುಗುವ ಅಲ್ಯೂಮಿನಿಯಂ ತಟ್ಟೆಯನ್ನು ಕಂಡಿರಬಹುದು. ಅದು ಅಂಕೆ ಮೀರಿ ಓಡದಂತೆ ಹಿಡಿದಿಡುವುದೂ ಇಂಥದೇ ಕಾಂತ.

ಎರಡನೆಯ ಬಗೆಯಲ್ಲಿ ಕಾಂತದ ಬದಲು ದ್ರವವಿರುತ್ತದೆ. ಮುಚ್ಚಿದ ಡಬ್ಬಿಯೊಳಗೆ ರೆಕ್ಕೆಯ ಚಕ್ರವೊಂದು ದ್ರವವನ್ನು ಕಡೆಯುತ್ತದೆ. ವೇಗ ಏರಿದಂತೆ ತಡೆಯೂ ಬೇಗ ಏರುವುದರಿಂದ ತುಳಿತ ರಸ್ತೆಯ ಅನುಭವಕ್ಕೆ ಹತ್ತಿರವಾಗಿರುತ್ತದೆ. ಮೂರನೆಯದು ಹಿಂದಿನ ಗಾಲಿಯನ್ನೇ ಕಳಚಿ, ಚೈನನ್ನು ನೇರವಾಗಿ ಯಂತ್ರಕ್ಕೆ ಹೂಡುವ ‘ಸ್ಮಾರ್ಟ್’ ಟ್ರೇನರ್. ಇದು ಮೊಬೈಲು ಅಥವಾ ಕಂಪ್ಯೂಟರಿನ ಜೊತೆ ಮಾತನಾಡುತ್ತದೆ. ಪರದೆಯ ಮೇಲೆ ಏರು ಬಂದರೆ ಪೆಡಲನ್ನು ತಾನೇ ಭಾರ ಮಾಡುತ್ತದೆ. ಇವಲ್ಲದೆ ಮೂರು ಉರುಳೆಗಳ ‘ರೋಲರ್’ ಎಂಬ ಹಳೆಯ ಸಾಧನವಿದೆ. ಅದರಲ್ಲಿ ಸೈಕಲ್ಲನ್ನು ಯಾವುದೂ ಹಿಡಿದಿರುವುದಿಲ್ಲ. ಉರುಳೆಗಳ ಮೇಲೆ ತುಳಿಯುತ್ತಲೇ ಸಮತೋಲ ಕಾಯ್ದುಕೊಳ್ಳಬೇಕು. ಗಮನ ತಪ್ಪಿದರೆ ಬೀಳುವುದೇ.

ಇವು ಹುಟ್ಟಿದ್ದು ಯಾರಿಗಾಗಿ?

ಯುರೋಪ್ ಮತ್ತು ಉತ್ತರ ಅಮೆರಿಕದ ಅನೇಕ ಭಾಗಗಳಲ್ಲಿ ಚಳಿಗಾಲ ಬಂತೆಂದರೆ ರಸ್ತೆಯ ಮೇಲೆ ಹಿಮ, ಸಂಜೆ ನಾಲ್ಕಕ್ಕೇ ಕತ್ತಲು. ಅಲ್ಲಿನ ಪಟುಗಳು ತಿಂಗಳುಗಟ್ಟಲೆ ಹೊರಗೆ ಸರಿಯಾಗಿ ಅಭ್ಯಾಸ ಮಾಡಲಾರರು. ಟ್ರೇನರ್ ಅವರ ಅಗತ್ಯದಿಂದ ಬೆಳೆದ ಸಾಧನ. 2020ರಲ್ಲಿ ಕೋವಿಡ್ ಬಂದು ಜಗತ್ತೇ ಬಾಗಿಲು ಹಾಕಿಕೊಂಡಾಗ ಇದರ ಬಳಕೆ ಬಹಳ ಹೆಚ್ಚಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಟ್ರೇನರ್ ಮೇಲೆ ಕುಳಿತೇ ಸ್ಪರ್ಧಿಸುವ ಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನೂ ನಡೆಸಿತು.

ಕಟಕೋಳದಲ್ಲಿ ಹಿಮ ಬೀಳುವುದಿಲ್ಲ. ರಾಮದುರ್ಗದ ಸುತ್ತಿನದು ಮಳೆ ಕಡಿಮೆಯ ಬಯಲುಸೀಮೆ. ಇಡೀ ದಿನ ಮಳೆ ಹಿಡಿದು ಸೈಕಲ್ ಹೊರತೆಗೆಯಲಾಗದ ದಿನಗಳು ವರ್ಷದಲ್ಲಿ ಕೆಲವೇ. ಆಷಾಢದ ಗಾಳಿಯಂತೂ ಪುಕ್ಕಟೆ ಟ್ರೇನರ್ ಇದ್ದಂತೆ. ಸವದತ್ತಿ ಕಡೆಯ ಗುಡ್ಡಗಳ ಮೇಲೆ ದೊಡ್ಡ ಗಾಳಿಯಂತ್ರಗಳನ್ನು ತಿರುಗಿಸುವ ಆ ಗಾಳಿಗೆ ಎದುರಾಗಿ ಅರ್ಧ ಗಂಟೆ ತುಳಿದು ನೋಡಿ, ಕಾಲು ತಾನೇ ಹೇಳುತ್ತದೆ. ಇಲ್ಲಿಯವರೆಗೆ ಅಪ್ಪನ ಮಾತೇ ಸರಿ.

ಹಾಗಾದರೆ ಮಗಳ ಮಾತು?

ಹಿಮವಿಲ್ಲದಿದ್ದರೂ ನಮ್ಮ ರಸ್ತೆಗೆ ಬೇರೆ ಅಡ್ಡಿಗಳಿವೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಹೊತ್ತು ಮೂಡುವುದೇ ಬೆಳಿಗ್ಗೆ 7ರ ಸುಮಾರಿಗೆ. ಮುಳುಗುವುದು 6 ದಾಟುತ್ತಿದ್ದಂತೆ. ಬೆಳಿಗ್ಗೆ ಕಾಲೇಜಿನ ಬಸ್ಸು ಹಿಡಿದು ಸಂಜೆ ಮನೆಗೆ ಮರಳುವವರಿಗೆ ಬೆಳಕಿನಲ್ಲಿ ಸೈಕಲ್ ಹೊಡೆಯಲು ಉಳಿಯುವ ಸಮಯ ಎಷ್ಟು? ಅದೇ ತಿಂಗಳುಗಳು ಕಬ್ಬು ಕಡಿಯುವ ಹಂಗಾಮು. ಹಿಂದೆ ದೀಪವಿಲ್ಲದೆ, ಹೊಳೆಯುವ ಪಟ್ಟಿಯೂ ಇಲ್ಲದೆ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳನ್ನು ಕತ್ತಲಲ್ಲಿ ಗುರುತಿಸುವುದು ಕಷ್ಟ. ಹುಡುಗರಾದರೆ ನಾಲ್ಕು ಜನ ಗುಂಪುಗೂಡಿ ನಸುಕಿನಲ್ಲಿ ಹೊರಡುತ್ತಾರೆ. ಹುಡುಗಿ ಒಬ್ಬಳೇ ಹೊರಟರೆ ಮನೆಯವರು ತಡೆಯುತ್ತಾರೆ. ಅವರ ಆತಂಕವನ್ನೂ ಅಲ್ಲಗಳೆಯಲಾಗದು. ಹೀಗೆ ದಿನಕ್ಕೆ ದಿನ ಸೇರಿ ಅವಳ ಅಭ್ಯಾಸ ತಪ್ಪುತ್ತದೆ. ಕಾಲಿನ ಬಲ, ಉಸಿರಿನ ಬಲ ಎರಡೂ ಬಿಟ್ಟರೆ ಕರಗುವಂಥವು. ಹಿಮ ತಡೆದರೂ ಕತ್ತಲು ತಡೆದರೂ ಆಗುವ ನಷ್ಟ ಒಂದೇ.

ಟ್ರೇನರಿಗೆ ಇನ್ನೊಂದು ಗುಣವಿದೆ. ರಸ್ತೆಯಲ್ಲಿ ಇಳಿಜಾರು ಬಂದಾಗ ಕಾಲು ಬಿಡುತ್ತೇವೆ. ದನ ಅಡ್ಡ ಬಂದರೆ, ಗುಂಡಿ ಎದುರಾದರೆ ನಿಲ್ಲುತ್ತೇವೆ. ಟ್ರೇನರಿನಲ್ಲಿ ಬಿಡುವಿಲ್ಲ. ಮೂರು ನಿಮಿಷ ಜೋರಾಗಿ, ಮೂರು ನಿಮಿಷ ಹಗುರಾಗಿ ಎಂಬ ಅಭ್ಯಾಸವನ್ನು ಗಡಿಯಾರದ ಪ್ರಕಾರ ಮಾಡಬಹುದು. ಆದ್ದರಿಂದ ಸಮಯ ಕಡಿಮೆ ಇರುವವರಿಗೆ 40 ನಿಮಿಷದ ಟ್ರೇನರ್ ಅಭ್ಯಾಸ ಚೆನ್ನಾಗಿಯೇ ಫಲ ಕೊಡುತ್ತದೆ.

ಯಂತ್ರ ಕಲಿಸಲಾರದ್ದು

ಆದರೆ ತಿರುವಿನಲ್ಲಿ ಸೈಕಲ್ ವಾಲಿಸುವುದು, ಬ್ರೇಕನ್ನು ಹದವಾಗಿ ಹಿಡಿಯುವುದು, ಮುಂದಿನವರ ಗಾಲಿಯ ಹಿಂದೆಯೇ ಸಾಗುವುದು, ಇವನ್ನು ಚೌಕಟ್ಟಿಗೆ ಕಟ್ಟಿದ ಸೈಕಲ್ ಕಲಿಸದು. ಗುಂಪಿನಲ್ಲಿ ಮುಂದಿನವರ ಮರೆಯಲ್ಲಿ ಹೋಗುವವರಿಗೆ ಸುಮಾರು ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ರಸ್ತೆ ಪಂದ್ಯ ಗೆಲ್ಲುವುದರಲ್ಲಿ ಈ ಜಾಣ್ಮೆಯ ಪಾಲು ದೊಡ್ಡದು. ಅದಕ್ಕೆ ರಸ್ತೆಯೇ ಗುರು.

ಇನ್ನೊಂದು ತೊಂದರೆ ಸೆಕೆ. ನಾವು ಉಣ್ಣುವ ಅನ್ನದ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ನಾಲ್ಕನೆಯ ಒಂದು ಭಾಗದಷ್ಟು ಮಾತ್ರ; ಉಳಿದದ್ದು ಶಾಖ. ಪೆಡಲಿಗೆ 150 ವ್ಯಾಟ್ ಹಾಕುವವರ ಮೈಯಲ್ಲಿ ಸುಮಾರು 450 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಗಂಟೆಯ ಲೆಕ್ಕ ಹಾಕಿದರೆ 16 ಲಕ್ಷ ಜೂಲ್‌ಗೂ ಹೆಚ್ಚು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 24 ಲಕ್ಷ ಜೂಲ್ ಶಾಖವನ್ನು ಒಯ್ಯುತ್ತದೆ. ಅಂದರೆ ಆ ಗಂಟೆಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಲೀಟರ್ ಬೆವರು ಆರಬೇಕು. ರಸ್ತೆಯಲ್ಲಿ ಎದುರುಗಾಳಿ ಅದನ್ನು ಆರಿಸುತ್ತದೆ. ಕೋಣೆಯಲ್ಲಿ ಬೆವರು ಆರದೆ ಸುಮ್ಮನೆ ನೆಲಕ್ಕೆ ಸುರಿಯುತ್ತದೆ, ಮೈ ತಂಪಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ, ಕರೆಂಟು ಹೋಗಿ ಫ್ಯಾನ್ ನಿಂತ ಹೊತ್ತಿನಲ್ಲಿ ಜೋರಾಗಿ ತುಳಿಯುವುದು ಅಪಾಯ. ಟ್ರೇನರ್ ಬೇಕೆಂದರೆ ಫ್ಯಾನ್ ಬೇಕು, ಕಿಟಕಿ ಬೇಕು, ಪಕ್ಕದಲ್ಲಿ ನೀರು ಬೇಕು. ತಲೆ ಸುತ್ತಿದರೆ ಕೂಡಲೇ ಇಳಿಯಬೇಕು.

ಕೊಳ್ಳುವ ಮುನ್ನ

ಗಾಲಿಗೆ ತಾಗುವ ಸಾದಾ ಕಾಂತದ ಟ್ರೇನರಿಗೆ ರೂ. 10,000ದ ಆಸುಪಾಸಿನ ಬೆಲೆ ಇದೆ. ಒಳ್ಳೆಯ ಸ್ಮಾರ್ಟ್ ಟ್ರೇನರ್ ರೂ. 50,000 ದಾಟುತ್ತದೆ. ಎರಡನೆಯದಕ್ಕೆ ವಿದ್ಯುತ್ತು, ಇಂಟರ್‌ನೆಟ್ಟು, ಕೆಲವು ಆ್ಯಪ್‌ಗಳಿಗೆ ತಿಂಗಳ ಚಂದಾ ಕೂಡ ಬೇಕು. ಶಾಲೆ, ಕಾಲೇಜಿನ ವಿದ್ಯಾರ್ಥಿಗಳಿಗೆ ಇದರ ಅಗತ್ಯ ಕಾಣುವುದಿಲ್ಲ.

ನಿಮ್ಮ ಸೈಕಲ್ ಅದಕ್ಕೆ ಹೊಂದುತ್ತದೆಯೇ ನೋಡಿ. ಹೆಚ್ಚಿನ ಟ್ರೇನರುಗಳು ಗೇರ್ ಸೈಕಲ್ಲಿನ, ಕೈಯಿಂದಲೇ ಬಿಚ್ಚುವ ಹಿಂದಿನ ಅಚ್ಚನ್ನು ಹಿಡಿಯುವಂತೆ ಮಾಡಿದವು. 2006–07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟಂಥ, ನಟ್ಟು ಬಿಗಿದ ಅಚ್ಚಿನ ಸಾದಾ ಸೈಕಲ್ಲು ಅದರಲ್ಲಿ ಕೂರದೆ ಹೋಗಬಹುದು. ಮುಳ್ಳುಮುಳ್ಳಾದ ದಪ್ಪ ಟೈರು ಉರುಳೆಯ ಮೇಲೆ ಸದ್ದು ಮಾಡುತ್ತದೆ, ಬೇಗ ಸವೆಯುತ್ತದೆ. ನುಣುಪಾದ ಟೈರು ಒಳ್ಳೆಯದು.

ಇನ್ನು ಲೆಕ್ಕ. ಟ್ರೇನರಿನ ಬೆಲೆ ರೂ. 12,000 ಎಂದಿಟ್ಟುಕೊಳ್ಳಿ; ಮೂರು ವರ್ಷ ಬಳಸುತ್ತೀರಿ. ರಸ್ತೆ ತಪ್ಪುವ ದಿನ ವರ್ಷಕ್ಕೆ 30 ಮಾತ್ರವಾದರೆ ಒಟ್ಟು 90 ದಿನ, ದಿನಕ್ಕೆ ರೂ. 133 ಬಿತ್ತು. ಇದು ದುಬಾರಿ. ಆ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಹಿಂದುಮುಂದಿನ ದೀಪ, ಹೊಸ ಟೈರು ಬಂದು ಇನ್ನೂ ಉಳಿಯುತ್ತದೆ. ತಪ್ಪುವ ದಿನ ವರ್ಷಕ್ಕೆ 150 ಆದರೆ ಒಟ್ಟು 450 ದಿನ. ದಿನಕ್ಕೆ ಸುಮಾರು ರೂ. 27. ಪಂದ್ಯದ ಗುರಿ ಇಟ್ಟುಕೊಂಡವರಿಗೆ ಇದು ಹೆಚ್ಚಲ್ಲ. ಒಂದೇ ಟ್ರೇನರನ್ನು ನಾಲ್ವರು ಗೆಳತಿಯರು ಹಂಚಿಕೊಂಡರೆ, ಇಲ್ಲವೇ ಶಾಲೆಯೋ ಯುವಕ ಸಂಘವೋ ಕೊಂಡಿಟ್ಟರೆ ಇನ್ನೂ ಅಗ್ಗ.

ಮಾಡಿ ನೋಡಿ

ಹಣ ತೆಗೆಯುವ ಮುನ್ನ ಒಂದು ತಿಂಗಳು ನೋಟುಪುಸ್ತಕ ಇಡಿ. ಸೈಕಲ್ ಹೊಡೆದ ದಿನ ನಿಮಿಷಗಳನ್ನು ಬರೆಯಿರಿ. ಹೊಡೆಯದ ದಿನ ಕಾರಣ ಬರೆಯಿರಿ: ಮಳೆ, ಕತ್ತಲು, ಜೊತೆಗೆ ಯಾರೂ ಇಲ್ಲ, ಪರೀಕ್ಷೆ, ಬೇಸರ. ತಿಂಗಳ ಕೊನೆಗೆ ಎಣಿಸಿ. ಮೊದಲ ಮೂರು ಕಾರಣಗಳೇ ಹೆಚ್ಚಾಗಿದ್ದರೆ ಟ್ರೇನರ್ ನಿಮಗೆ ಉಪಯೋಗಕ್ಕೆ ಬಂದೀತು. ಬೇಸರವೇ ಹೆಚ್ಚಾಗಿದ್ದರೆ ಯಂತ್ರ ಕೊಂಡರೂ ಅದು ಬಟ್ಟೆ ಒಣಹಾಕುವ ಗೂಟವಾಗುತ್ತದೆ.

ಆ ಪುಸ್ತಕವನ್ನು ಮನೆಯ ಹಿರಿಯರಿಗೂ ತೋರಿಸಿ. ‘ಕತ್ತಲು’, ‘ಜೊತೆಗೆ ಯಾರೂ ಇಲ್ಲ’ ಎಂಬ ಮಾತುಗಳು ಸಾಲುಸಾಲಾಗಿ ಕಂಡಾಗ, ಮಗಳಿಗೆ ಟ್ರೇನರ್ ಕೊಡಿಸುವುದೋ, ವಾರಕ್ಕೆರಡು ದಿನ ತಾನೇ ಬೈಕಿನಲ್ಲಿ ಅವಳ ಹಿಂದೆ ಹೋಗುವುದೋ ಎಂದು ಅಪ್ಪನೇ ಯೋಚಿಸಿಯಾನು. ಆ ಎರಡನೆಯ ಉಪಾಯಕ್ಕೆ ತಗಲುವುದು ಒಂದಿಷ್ಟು ಪೆಟ್ರೋಲು ಮಾತ್ರ. ಅವಳಿಗಂತೂ ರಸ್ತೆ ಸಿಗುತ್ತದೆ.