ಕಡತದ ಹೊಟ್ಟೆಯಲ್ಲೊಂದು ಡಿಸ್ಕ್

ಬೈಲಹೊಂಗಲ, ಸವದತ್ತಿ ಸೀಮೆಯ ಹಿರಿಯ ರೈತರಿಗೆ ಹಗೇವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮೇಲಿನಿಂದ ನೋಡಿದರೆ ಬರೀ ನೆಲ. ಕೆಳಗೆ ತೋಡಿದ ಕುಣಿ, ಸುತ್ತಲೂ ಹುಲ್ಲಿನ ಹೊದಿಕೆ, ನಡುವೆ ಜೋಳದ ರಾಶಿ. ಬಾಯಿ ಮುಚ್ಚಿ ಮಣ್ಣೆಳೆದರೆ ಮತ್ತೆ ಬರೀ ನೆಲ. ಗಣಕಯಂತ್ರದಲ್ಲಿಯೂ ಇಂಥದೇ ಒಂದು ಹಗೇವು ಉಂಟು. ಹೊರಗಿನಿಂದ ಅದೊಂದು ಸಾಮಾನ್ಯ ಕಡತ. ಬಾಯಿ ತೆರೆದರೆ ಇಡೀ ಡಿಸ್ಕ್!

ಇದು ಸಾಧ್ಯವಾಗುವುದು ಹೇಗೆ? ಹಾರ್ಡ್ ಡಿಸ್ಕ್, ಫ್ಲಾಪಿ, ಸಿ.ಡಿ. ಯಾವುದೇ ಇರಲಿ, ಗಣಕಯಂತ್ರದ ಕಣ್ಣಿಗೆ ಅದು ಕ್ರಮಸಂಖ್ಯೆ ಹಾಕಿದ ಸಣ್ಣ ಸಣ್ಣ ಖಾನೆಗಳ ಸಾಲು, ಅಷ್ಟೆ. ಮೂರೂವರೆ ಅಂಗುಲದ ಫ್ಲಾಪಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ 512 ಬೈಟ್‌ಗಳ 2,880 ಖಾನೆಗಳಿವೆ. ಒಟ್ಟು 14,74,560 ಬೈಟ್. ಕಡತವೂ ಬೈಟ್‌ಗಳ ಸಾಲೇ ತಾನೆ? ಹಾಗಾದರೆ ಅಷ್ಟೇ ಉದ್ದದ ಕಡತವೊಂದನ್ನು ‘ಇದೇ ಫ್ಲಾಪಿ’ ಎಂದು ಯಂತ್ರಕ್ಕೆ ಯಾಕೆ ನಂಬಿಸಬಾರದು?

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಹೀಗೆ ನಂಬಿಸುವ ಸಾಧನಕ್ಕೆ ‘ಲೂಪ್’ ಎಂದು ಹೆಸರು. ಅದನ್ನು 1993ರ ಮಾರ್ಚ್‌ನಲ್ಲಿ ಬರೆದವರು ಅಮೆರಿಕದ ತಂತ್ರಜ್ಞ ಥಿಯೋಡೋರ್ ತ್ಸೋ. ಮೂರು ದಶಕ ಕಳೆದರೂ ಅದು ದುಡಿಯುತ್ತಲೇ ಇದೆ.

ನಾಲ್ಕೇ ಆಜ್ಞೆ

ಇದಕ್ಕೆ ಚಿತ್ರಗಳೂ ಬೇಡ, ಮೌಸೂ ಬೇಡ. ಕರಿಯ ಪರದೆಯ ಮೇಲೆ ಕೀಲಿಮಣೆಯಿಂದ ನಾಲ್ಕು ಆಜ್ಞೆ ಟೈಪಿಸಿದರೆ ಸಾಕು. ಮೊದಲನೆಯದು ‘ಡಿಡಿ’. ಇದು ಬೇಕಾದಷ್ಟು ಸೊನ್ನೆಗಳನ್ನು ತುಂಬಿ, ಹೇಳಿದ ಗಾತ್ರದ, 100 ಮೆಗಾಬೈಟ್ ಎಂದಿಟ್ಟುಕೊಳ್ಳಿ, ಕಡತವೊಂದನ್ನು ಸಿದ್ಧಪಡಿಸುತ್ತದೆ. ಕುಣಿ ತೋಡಿದಂತಾಯಿತು. ಎರಡನೆಯದು ‘ಎಂಕೆಎಫ್‌ಎಸ್’. ಇದು ಕಡತದೊಳಗೆ ಹೆಸರುಪಟ್ಟಿ, ಲೆಕ್ಕದ ಖಾನೆ ಎಲ್ಲವನ್ನೂ ಹೂಡುತ್ತದೆ. ಇದು ಹುಲ್ಲು ಹೊದಿಸಿದಂತೆ. ಮೂರನೆಯದು ‘ಮೌಂಟ್’. ಲೂಪ್ ಎಂಬ ಸೂಚನೆಯೊಂದಿಗೆ ಇದನ್ನು ಕೊಟ್ಟರೆ ಹಗೇವಿನ ಬಾಯಿ ತೆರೆಯಿತು. ಅಲ್ಲಿಂದ ಮುಂದೆ ಆ ಡಿಸ್ಕಿಗೆ ಪತ್ರ, ಚಿತ್ರ, ಲೆಕ್ಕ ಏನನ್ನಾದರೂ ತುಂಬಬಹುದು. ಕೆಲಸ ಮುಗಿದ ಮೇಲೆ ನಾಲ್ಕನೆಯ ಆಜ್ಞೆ ‘ಯುಮೌಂಟ್’. ಬಾಯಿ ಮುಚ್ಚಿತು, ಉಳಿದದ್ದು ಒಂದೇ ಕಡತ. ಮೌಂಟ್, ಯುಮೌಂಟ್‌ಗಳಿಗೆ ಯಂತ್ರದ ಮೇಲ್ವಿಚಾರಕನ ಅಧಿಕಾರ ಬೇಕು. ಯಾವ ಕಡತ ಯಾವ ಲೂಪಿಗೆ ಅಂಟಿಕೊಂಡಿದೆ ಎಂದು ತಿಳಿಯಲು ‘ಲೋಸೆಟಪ್’ ಎಂಬ ಇನ್ನೊಂದು ಆಜ್ಞೆಯೂ ಇದೆ.

ಇದೇನು ಲಿನಕ್ಸಿನ ಸ್ವತ್ತಲ್ಲ. ವಿಂಡೋಸ್ 7 ಬಂದ 2009ರಿಂದ ಅಲ್ಲಿಯೂ ‘ಡಿಸ್ಕ್‌ಪಾರ್ಟ್’ ಆಜ್ಞೆಯಿಂದ ಕಡತವನ್ನು ಡಿಸ್ಕಾಗಿ ಜೋಡಿಸಬಹುದು. ಉಬುಂಟು ಬಳಸುವವರಂತೂ ತಿಳಿಯದೆಯೇ ಇದರ ಲಾಭ ಪಡೆಯುತ್ತಿರುತ್ತಾರೆ. ಅಲ್ಲಿ ‘ಸ್ನ್ಯಾಪ್’ ರೂಪದಲ್ಲಿ ಬರುವ ಪ್ರತಿಯೊಂದು ತಂತ್ರಾಂಶವೂ ಒಂದು ಮುಚ್ಚಿದ ಕಡತ. ಅದು ಲೂಪಿನ ಮೂಲಕವೇ ತೆರೆದುಕೊಳ್ಳುತ್ತದೆ.

ಮಲಪ್ರಭೆಯ ಪಾಠ

ಇದರಿಂದ ಊರಿಗೇನು ಉಪಯೋಗ ಎಂದು ಕೇಳುವವರಿಗೆ ಮಲಪ್ರಭೆಯೇ ಉತ್ತರ ಹೇಳಬಲ್ಲಳು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯನ್ನು ಹಾದು, ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ಅಲ್ಲಿಂದ ರಾಮದುರ್ಗದತ್ತ ಹರಿಯುವ ನದಿ ಇದು. 2019ರ ಆಗಸ್ಟ್‌ನಲ್ಲಿ ಅಣೆಕಟ್ಟು ತುಂಬಿ ನೀರು ಹೊರಬಿಟ್ಟಾಗ ರಾಮದುರ್ಗ ತಾಲೂಕಿನ ಊರು, ಕೇರಿ, ಹೊಲಗಳೊಳಗೆ ನೀರು ನುಗ್ಗಿತು. ಮನೆಯೊಳಗೆ ನೀರು ಬಂದಾಗ ಯಾರಾದರೂ ಮೊದಲು ಹೊರತರುವುದು ಮಕ್ಕಳನ್ನು, ಮುದುಕರನ್ನು, ದನಕರುಗಳನ್ನು. ಪೆಟ್ಟಿಗೆಯ ತಳದಲ್ಲಿದ್ದ ಕಾಗದ, ಸಿ.ಡಿ., ಫ್ಲಾಪಿಗಳನ್ನು ಆಗ ನೆನೆಸಿಕೊಳ್ಳುವವರಾರು?

1990ರ ದಶಕದಲ್ಲಿ ನಮ್ಮ ಸಣ್ಣ ಊರುಗಳಿಗೂ ಡಿ.ಟಿ.ಪಿ. ಅಂಗಡಿಗಳು ಬಂದವು. ಜಾತ್ರೆಯ ಕರಪತ್ರ, ಲಗ್ನಪತ್ರಿಕೆ, ಶಾಲೆಯ ಸ್ಮರಣಸಂಚಿಕೆ, ಸಹಕಾರಿ ಸಂಘದ ವರದಿ, ಊರಿನ ಕವಿಯ ಮೊದಲ ಸಂಕಲನ, ಎಲ್ಲವೂ ಅಲ್ಲಿ ಅಕ್ಷರ ಜೋಡಿಸಿಕೊಂಡು ಫ್ಲಾಪಿಗೆ ಇಳಿದವು. ಫ್ಲಾಪಿಯ ಕಾಂತಲೇಪ ಕಾಲಕ್ರಮದಲ್ಲಿ ಸೊರಗುತ್ತದೆ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಜಪಾನಿನ ಸೋನಿ ಸಂಸ್ಥೆ ತನ್ನ ನಾಡಿನಲ್ಲಿ ಫ್ಲಾಪಿ ಮಾರಾಟವನ್ನು 2011ರಲ್ಲೇ ನಿಲ್ಲಿಸಿತು. ನೆರೆ ಬಾರದಿದ್ದರೂ ಅವುಗಳ ಆಯುಷ್ಯ ಮುಗಿಯುತ್ತಿದೆ.

ಓದುವ ಡ್ರೈವ್ ಒಂದು ಉಳಿದಿದ್ದರೆ ಡಿಡಿ ಆಜ್ಞೆ ಇಲ್ಲಿ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ಸೊನ್ನೆಗಳ ಬದಲು ಇಡೀ ಫ್ಲಾಪಿಯನ್ನೇ ಮೊದಲ ಖಾನೆಯಿಂದ ಕೊನೆಯ ಖಾನೆಯವರೆಗೆ ಒಂದು ಕಡತಕ್ಕೆ ಇಳಿಸುತ್ತದೆ. ಕೆಟ್ಟ ಖಾನೆಗಳಿದ್ದರೆ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವುಂಟು. ಅದು ಚೆನ್ನಾಗಿರುವುದನ್ನು ಮೊದಲು ಬಾಚಿಕೊಂಡು, ಹಟಮಾರಿ ಖಾನೆಗಳನ್ನು ಆಮೇಲೆ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಹೀಗೆ ಇಳಿದ ಕಡತದ ನಕಲುಗಳನ್ನು ಧಾರವಾಡದಲ್ಲೊಂದು, ಬೆಂಗಳೂರಿನಲ್ಲೊಂದು ಇಟ್ಟರೆ ಯಾವ ಹೊಳೆಗೂ ಅಂಜಬೇಕಿಲ್ಲ.

ಎಚ್ಚರವಿರಲಿ

ಹಗೇವಿನ ಬಾಯಿ ತೆರೆದ ಕೂಡಲೇ ಬಲ್ಲವರು ಒಳಗಿಳಿಯುವುದಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗಲು ಬಿಡುತ್ತಾರೆ. ಹಳೆಯ ಡಿಸ್ಕಿನ ಕಡತವನ್ನೂ ಹಾಗೆಯೇ ಮೊದಲು ‘ಓದಲು ಮಾತ್ರ’ ಎಂಬ ನಿಬಂಧನೆಯಲ್ಲಿ ತೆರೆಯಬೇಕು. ಅಕಸ್ಮಾತ್ ತಪ್ಪು ಗುಂಡಿ ಒತ್ತಿದರೂ ಮೂಲ ಕೆಡದು. ಒಳಗಿನ ಹಳೆಯ ವೈರಸ್ಸುಗಳನ್ನೂ ಪರೀಕ್ಷಿಸಿ ನೋಡಬೇಕು.

ಡಿಡಿಯಂತೂ ಎರಡಲಗಿನ ಕತ್ತಿ. ಯಾವುದರಿಂದ ಯಾವುದಕ್ಕೆ ಎಂಬುದನ್ನು ಅದಲುಬದಲು ಮಾಡಿ ಟೈಪಿಸಿದರೆ ಉಳಿಸಲು ಹೊರಟ ಡಿಸ್ಕನ್ನೇ ಅಳಿಸಿಹಾಕುತ್ತದೆ, ‘ಖಾತ್ರಿಯೇ?’ ಎಂದು ಕೇಳುವುದೂ ಇಲ್ಲ. ಇನ್ನೊಂದು ಮಾತು. ‘ಟ್ರಂಕೇಟ್’ ಆಜ್ಞೆಯಿಂದ ಹತ್ತು ಗಿಗಾಬೈಟಿನ ಕಡತವನ್ನು ಕ್ಷಣದಲ್ಲಿ ಸೃಷ್ಟಿಸಬಹುದು. ಆದರೆ ಅದು ಜಾಗ ಹಿಡಿಯುವುದು ತುಂಬಿದಂತೆಲ್ಲ ಮಾತ್ರ. ಹೊರಗಿನ ಡಿಸ್ಕಿನಲ್ಲಿ ಅಷ್ಟು ಜಾಗವೇ ಇಲ್ಲದಿದ್ದರೆ, ಇಲ್ಲದ ಜೋಳಕ್ಕೆ ಚೀಟಿ ಬರೆದುಕೊಟ್ಟಂತಾಗಿ ನಡುವೆಯೇ ಕೆಲಸ ಕೆಡುತ್ತದೆ.

ಕನ್ನಡಿಗರಿಗೆ ಮತ್ತೊಂದು ತೊಡಕಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಬರಹವೆಲ್ಲ ಶ್ರೀಲಿಪಿ, ಆಕೃತಿ, ಬರಹ, ನುಡಿ ಎಂದು ಬೇರೆ ಬೇರೆ ಅಕ್ಷರ ಸಂಕೇತಗಳಲ್ಲಿದೆ. ಡಿಸ್ಕ್ ಉಳಿದರೂ ಆ ಅಕ್ಷರಶೈಲಿ ಇಲ್ಲದಿದ್ದರೆ ಪರದೆಯ ಮೇಲೆ ಕಾಣುವುದು ಅರ್ಥವಾಗದ ಗೀಚು. ಆದ್ದರಿಂದ ಬರಹದ ಜೊತೆಗೆ ಅದರ ಅಕ್ಷರಶೈಲಿಯನ್ನೂ ಜೋಪಾನ ಮಾಡಬೇಕು. ಸಾಧ್ಯವಾದರೆ ಯುನಿಕೋಡಿಗೆ ಪರಿವರ್ತಿಸಿದ ಪ್ರತಿಯೊಂದನ್ನೂ ಇಡಬೇಕು.

ಕಿತ್ತೂರಿನ ಕೋಟೆಯ ಅಳಿದುಳಿದ ಗೋಡೆಗಳನ್ನು ನೋಡಲು ಇಂದಿಗೂ ಜನ ಬರುತ್ತಾರೆ. ಕಲ್ಲು ಮಣ್ಣಿನ ಗೋಡೆ ಕುಸಿದರೂ ಗುರುತು ಬಿಡುತ್ತದೆ. ಸೊರಗಿದ ಫ್ಲಾಪಿ ಹಾಗಲ್ಲ. ಅದರಲ್ಲಿ ಏನಿತ್ತು ಎಂಬುದರ ಗುರುತೂ ಉಳಿಯದು. ಅಟ್ಟದ ಮೇಲಿನ ಡಬ್ಬಿಯನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಒಮ್ಮೆ ಕೆಳಗಿಳಿಸಿ ನೋಡುವುದು ಒಳ್ಳೆಯದು.