ಸ್ಪೀಕರಿಗೆ ದಪ್ಪ ತಂತಿ ಬೇಕೇ?

ಸಿದ್ದಾಪುರ ತಾಲ್ಲೂಕಿನ ತ್ಯಾಗಲಿಯಂತಹ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿರುವುದಿಲ್ಲ. ಅಡಕೆ ತೋಟದ ಅಂಚಿಗೊಂದು ಮನೆ; ನಡುವೆ ಗುಡ್ಡ, ಹಳ್ಳ, ಕಾಡು. ಇಂತಹ ಮನೆಯ ಜಗಲಿಯಲ್ಲಿ ದೊಡ್ಡ ಸ್ಪೀಕರುಗಳನ್ನಿಟ್ಟು ಯಕ್ಷಗಾನದ ಧ್ವನಿಮುದ್ರಣವನ್ನು ಆಲಿಸುವ ರಸಿಕರಿಗೆ ಒಂದು ಸಂದೇಹವುಂಟಾಗಬಹುದು: "ಸಂಜೆಯಾದೊಡನೆ ಚಂಡೆಯ ಪೆಟ್ಟು ಒಡಕಾಗಿ ಕೇಳುತ್ತದೆ. ಗೋಡೆಯ ಪ್ಲಗ್ಗಿನಿಂದ ಯಂತ್ರಕ್ಕೆ ಬರುವ ತಂತಿಯನ್ನು ತೆಗೆದು, ಬೆಲೆಬಾಳುವ ದಪ್ಪ ತಂತಿಯನ್ನು ಹಾಕಿದರೆ ಸರಿಹೋದೀತೇ?" ಉತ್ತರವನ್ನು ಲೆಕ್ಕದಿಂದಲೇ ಪಡೆಯೋಣ.

ಎರಡು ಸ್ಪೀಕರುಗಳಿಗೆ ತಲಾ 200 ವಾಟ್ ಕೊಡಬಲ್ಲ ಆಂಪ್ಲಿಫೈಯರ್ ಒಂದಿದೆಯೆಂದು ಭಾವಿಸೋಣ. ಪಡೆದ ಶಕ್ತಿಯಲ್ಲಿ ನೂರಕ್ಕೆ 60 ಭಾಗವನ್ನು ಅದು ಸ್ಪೀಕರಿಗೆ ಕೊಟ್ಟು, ಉಳಿದುದನ್ನು ಶಾಖವಾಗಿ ಕಳೆಯುವುದಾದರೆ, ಪೂರ್ಣ ಭಾರದಲ್ಲಿ ಅದಕ್ಕೆ ಬೇಕಾದುದು ಸುಮಾರು 670 ವಾಟ್. 230 ವೋಲ್ಟಿನಲ್ಲಿ ಇದು ಸುಮಾರು 3 ಆಂಪಿಯರ್ ಪ್ರವಾಹ. ಸಾಧಾರಣ ಇಸ್ತ್ರಿಪೆಟ್ಟಿಗೆಯೂ ಇದಕ್ಕಿಂತ ಹೆಚ್ಚು ಸೆಳೆಯುತ್ತದೆ! ಅಲ್ಲದೆ, ಸಂಗೀತದ ಸರಾಸರಿ ಶಕ್ತಿಯು ಪೂರ್ಣಶಕ್ತಿಯ ಎಂಟನೆಯ ಒಂದು ಭಾಗವೆಂದು ಎಣಿಸುವುದು ವಾಡಿಕೆ.

ಹಾಗಾದರೆ ಚಂಡೆಯ ಪೆಟ್ಟಿನ ಕ್ಷಣಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ? ಗುಡ್ಡದ ಅಬ್ಬಿಯಿಂದ ಅಡಕೆಯ ದಬ್ಬೆಯಲ್ಲಿ ಸಣ್ಣಗೆ ಹರಿದುಬಂದ ನೀರು ತೊಟ್ಟಿಯಲ್ಲಿ ತುಂಬಿರುವುದರಿಂದಲೇ ನಾವು ಕೊಡವನ್ನು ಒಮ್ಮೆಲೇ ಮುಳುಗಿಸಬಹುದಷ್ಟೆ. ಆಂಪ್ಲಿಫೈಯರಿನ ಒಳಗಿರುವ ಕೆಪಾಸಿಟರುಗಳೇ ಅಂತಹ ತೊಟ್ಟಿಗಳು. ಸೆಕೆಂಡಿಗೆ 50 ಆವರ್ತಗಳ ನಮ್ಮ ವಿದ್ಯುತ್ತು ಅವುಗಳನ್ನು ಸೆಕೆಂಡಿಗೆ 100 ಬಾರಿ ತುಂಬುತ್ತದೆ. ಆದರೆ ತೊಟ್ಟಿ ಎಷ್ಟು ಎತ್ತರಕ್ಕೆ ತುಂಬುತ್ತದೆಂಬುದು ಮನೆಗೆ ಬರುವ ವೋಲ್ಟೇಜನ್ನು ಅವಲಂಬಿಸಿದೆ.

ಈಗ ತಂತಿಗೆ ಬರೋಣ. ಒಂದೂವರೆ ಮೀಟರ್ ಉದ್ದದ, 1 ಚದರ ಮಿಲಿಮೀಟರ್ ತಾಮ್ರದ ಸಾಧಾರಣ ತಂತಿಯ ರೋಧ, ಹೋಗಿಬರುವ ದಾರಿ ಸೇರಿ, ಸುಮಾರು 0.05 ಓಮ್. 3 ಆಂಪಿಯರ್ ಹರಿದಾಗ ಅದರಲ್ಲಿ ನಷ್ಟವಾಗುವುದು 0.15 ವೋಲ್ಟ್ ಮಾತ್ರ. ದಪ್ಪ ತಂತಿಯಿಂದ ನಮಗೆ ಉಳಿಯಬಹುದಾದುದು ಇಷ್ಟೇ.

ಅದೇ ಮನೆಯು ಟ್ರಾನ್ಸ್‌ಫಾರ್ಮರಿನಿಂದ 400 ಮೀಟರ್ ದೂರದಲ್ಲಿದ್ದು, ನಡುವೆ 16 ಚದರ ಮಿಲಿಮೀಟರಿನ ಅಲ್ಯುಮಿನಿಯಮ್ ತಂತಿ ಇದ್ದರೆ, ಅದರ ರೋಧ ಸುಮಾರು 1.4 ಓಮ್. 3 ಆಂಪಿಯರಿಗೆ ನಷ್ಟ 4 ವೋಲ್ಟಿಗೂ ಮೇಲೆ. ಜೊತೆಗೆ ಬಾವಿಯ ಪಂಪೂ 7 ಆಂಪಿಯರ್ ಸೆಳೆದರೆ ಒಟ್ಟು ನಷ್ಟ 14 ವೋಲ್ಟ್. ನೆರೆಮನೆಗಳೂ ಅದೇ ತಂತಿಯನ್ನು ಆಶ್ರಯಿಸಿದ್ದರೆ, ಸಂಜೆ ವೋಲ್ಟೇಜು 200ಕ್ಕೆ ಇಳಿಯುವುದು ಆಶ್ಚರ್ಯವೇನಲ್ಲ. ಆಗ ಸಾಂಪ್ರದಾಯಿಕ ಆಂಪ್ಲಿಫೈಯರಿನ ಗರಿಷ್ಠ ಶಕ್ತಿಯಲ್ಲಿ ಸುಮಾರು ಕಾಲುಭಾಗ ತಗ್ಗುತ್ತದೆ. ಮೆಲುದನಿಗೆ ಇದರಿಂದ ಬಾಧೆಯಿಲ್ಲ. ಗಟ್ಟಿಯಾಗಿ ಹಾಕಿದಾಗ ಚಂಡೆಯ ಪೆಟ್ಟಿನ ತುದಿ ಮೊಟಕಾಗಿ, ನಾದ ಒಡೆಯುತ್ತದೆ. ಉದ್ದನೆಯ ದಬ್ಬೆಸಾಲು ಕಿರಿದಾಗಿರುವಾಗ ಕೊನೆಯ ಗೇಣನ್ನು ಮಾತ್ರ ಅಗಲಿಸಿದರೆ ನೀರು ಹೆಚ್ಚೀತೇ?

ನಿಜವಾದ ಪರಿಹಾರ ಬೇರೆಡೆಯಲ್ಲಿದೆ. ಸಿದ್ದಾಪುರದ ನೆರೆಯ ಜೋಗದಲ್ಲಿ 1948ರಲ್ಲಿ ಆರಂಭವಾದ ವಿದ್ಯುದಾಗಾರವೂ ಶಕ್ತಿಯನ್ನು ದೂರ ಕಳುಹಿಸುವುದು ವೋಲ್ಟೇಜನ್ನು ಬಹಳವಾಗಿ ಏರಿಸಿಯೇ. ಅದೇ ಶಕ್ತಿಗೆ 11,000 ವೋಲ್ಟಿನಲ್ಲಿ ಬೇಕಾಗುವ ಪ್ರವಾಹವು 230 ವೋಲ್ಟಿನಲ್ಲಿ ಬೇಕಾಗುವುದರ ಸುಮಾರು 48ನೆಯ ಒಂದು ಭಾಗ. ಆದುದರಿಂದ 11,000 ವೋಲ್ಟಿನ ತಂತಿಯನ್ನು ಮನೆಗಳ ಸಮೀಪಕ್ಕೆ ತಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ನಿಲ್ಲಿಸುವುದೇ ಉತ್ತಮ ಮಾರ್ಗ. ಅದಾಗುವವರೆಗೆ ಪಂಪನ್ನು ಬೇರೆ ಹೊತ್ತಿಗೆ ನಡೆಸುವುದು ಖರ್ಚಿಲ್ಲದ ಉಪಾಯ.

ಎರಡು ಎಚ್ಚರಿಕೆಗಳನ್ನು ಹೇಳದೆ ಮುಗಿಸಲಾಗದು. ಸಡಿಲವಾದ ಪ್ಲಗ್ಗಿನಲ್ಲಿ ಅರ್ಧ ಓಮ್ ರೋಧವಿದ್ದರೂ 3 ಆಂಪಿಯರಿಗೆ ನಾಲ್ಕೂವರೆ ವಾಟ್ ಶಾಖವು ಅಕ್ಕಿಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಬೆಂಕಿಯ ಮೂಲ ಅಲ್ಲಿಯೇ. ಎರಡನೆಯದಾಗಿ, ಸ್ಪೀಕರಿನ ಗುಂಯ್‌ಗುಡುವಿಕೆಯನ್ನು ನಿಲ್ಲಿಸಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಎಂದಿಗೂ ಕಿತ್ತುಹಾಕಬಾರದು. ಯಂತ್ರದ ಲೋಹದ ಪೆಟ್ಟಿಗೆಗೆ ವಿದ್ಯುತ್ತು ತಗುಲಿದಾಗ, ಅದನ್ನು ಮುಟ್ಟಿದವರ ದೇಹದ ಮೂಲಕ ಹರಿಯದಂತೆ ಭೂಮಿಗೆ ಒಯ್ಯುವ ದಾರಿ ಅದು. ಜೋಡಿಸಿದ ಯಂತ್ರಗಳನ್ನೆಲ್ಲ ಒಂದೇ ಪ್ಲಗ್ಗಿನ ಹಲಗೆಗೆ ಸೇರಿಸಿದರೆ ಅನೇಕ ವೇಳೆ ಆ ಸದ್ದು ಅಡಗುತ್ತದೆ. ಬೇಸಗೆಯಲ್ಲಿ ಅರ್ತಿಂಗಿನ ಗುಂಡಿಗೆ ನೀರು ಹೊಯ್ದು ನೆಲವನ್ನು ತೇವವಾಗಿಡುವುದೂ ಅವಶ್ಯ.

ದಪ್ಪ ತಂತಿಗೆ ತೆರುವ ಹಣದಲ್ಲಿ ಬಲ್ಲ ಕೆಲಸಗಾರನೊಬ್ಬನಿಂದ ಮನೆಯ ಜೋಡಣೆಗಳನ್ನೆಲ್ಲ ಪರೀಕ್ಷಿಸಿಕೊಳ್ಳಬಹುದು. ಚಂಡೆಯ ನಾದಕ್ಕೂ, ಮನೆಯವರ ಕ್ಷೇಮಕ್ಕೂ ಅದೇ ಹಿತ.