ಜಿಪ್ ಕೈಕೊಟ್ಟರೆ ಮೊದಲು ರನ್ನರ್ ನೋಡಿ

ನಮ್ಮೂರ ಬಸ್ ನಿಲ್ದಾಣದ ಕಾಂಪೌಂಡಿಗೆ ಒರಗಿ ಕೂತು ಬ್ಯಾಗ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ತಗಡಿನ ಡಬ್ಬಿಯ ತುಂಬ ರನ್ನರ್‌ಗಳು, ಒಂದು ಇಕ್ಕಳ, ದಬ್ಬಣ, ನೈಲಾನ್ ದಾರ, ಮೇಣದ ಬತ್ತಿಯ ಚೂರು. ಅಂಗಡಿ ಎಂದರೆ ಇಷ್ಟೇ. ಮೇ ತಿಂಗಳಲ್ಲಿ ನನ್ನ ಟ್ರಾಲಿ ಸೂಟ್‌ಕೇಸನ್ನು ಅವರ ಮುಂದಿಟ್ಟೆ. ರನ್ನರ್ ಸಲೀಸಾಗಿ ಓಡುತ್ತಿತ್ತು, ಆದರೆ ಅದು ಮುಂದೆ ಹೋದ ಹಾಗೆ ಹಿಂದೆ ಜಿಪ್ ಬಾಯಿ ಬಿಡುತ್ತಿತ್ತು.

"ಇಡೀ ಜಿಪ್ ಬದಲಿಸಬೇಕೇನೋ?" ಎಂದೆ.

"ಹಲ್ಲು ಗಟ್ಟಿಯಾಗಿದೆ ಸಾರ್. ರನ್ನರ್ ಸಡಿಲ ಆಗಿದೆ, ಅಷ್ಟೇ," ಎಂದರು. ರನ್ನರನ್ನು ಜಿಪ್ ಶುರುವಾಗುವ ತುದಿಗೆ ತಂದು, ಇಕ್ಕಳದಲ್ಲಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಒತ್ತಿದರು. ಎಳೆದಾಗ ಜಿಪ್ ಕಚ್ಚಿಕೊಂಡಿತು.

ರನ್ನರ್‌ಗೆ ಮುಂದೆ ಎರಡು ಬಾಯಿ, ಹಿಂದೆ ಒಂದು. ನಡುವೆ ಸಣ್ಣದೊಂದು ಬೆಣೆ. ಮುಚ್ಚುವಾಗ ಎರಡು ಬಾಯಿಂದ ಒಳಬಂದ ಹಲ್ಲುಗಳನ್ನು ಹಿಂದಿನ ಇಕ್ಕಟ್ಟು ಜಾಗ ಒಂದರೊಳಗೊಂದು ಕೂರಿಸುತ್ತದೆ. ತೆರೆಯುವಾಗ ಬೆಣೆ ಅವನ್ನು ಬೇರೆ ಮಾಡುತ್ತದೆ. ಸ್ವೀಡನ್ನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಎಂಜಿನಿಯರ್ ಗಿಡಿಯನ್ ಸುಂಡ್‌ಬ್ಯಾಕ್ 1917ರಲ್ಲಿ ಪೇಟೆಂಟ್ ಪಡೆದ ಜಿಪ್ ಕೂಡ ಹೀಗೇ ಕೆಲಸ ಮಾಡುತ್ತಿತ್ತು. ಸಾವಿರಾರು ಸಲ ಓಡಾಡಿದ ರನ್ನರ್ ಒಳಗೊಳಗೇ ಸವೆಯುತ್ತದೆ, ಹಿಂಬದಿಯ ಸಂದು ಕೂದಲೆಳೆಯಷ್ಟು ಅಗಲವಾಗುತ್ತದೆ. ಅಷ್ಟು ಸಾಕು, ಹಲ್ಲು ಕೂರುವುದಿಲ್ಲ. ಅವರು ಒತ್ತಿದ್ದು ಆ ಸಂದನ್ನು.

ಎಷ್ಟು ಒತ್ತಬೇಕು ಎಂಬುದರಲ್ಲೇ ಕಸುಬಿದೆ. ಸಾಮಾನ್ಯವಾಗಿ ರನ್ನರ್ ಸತುವಿನ ಮಿಶ್ರಲೋಹದ ಎರಕ. ಹೆಚ್ಚು ಬಲ ಹಾಕಿದರೆ ಅದು ಬಾಗುವುದಿಲ್ಲ, ಸೀಳುತ್ತದೆ. ಒಂದೇ ಕಡೆ ಒತ್ತಿದರೆ ಜಿಪ್ ಬಿಗಿದು ನಿಲ್ಲುತ್ತದೆ. ಅವರು ಸ್ವಲ್ಪ ಒತ್ತಿ, ಎಳೆದು, ಕಿವಿಗೊಟ್ಟು ಕೇಳುತ್ತಾರೆ. ಎಷ್ಟು ಬಿಗಿ ಸಾಕೆಂದು ಅವರ ಬೆರಳಿಗೆ ಗೊತ್ತು. ಅಂಥ ಹದ ಒಂದೆರಡು ವರ್ಷದಲ್ಲಿ ಬರುವಂಥದ್ದಲ್ಲ.

ಪೂರ್ತಿ ಸವೆದಿದ್ದರೆ ಹೊಸ ರನ್ನರ್ ಹಾಕಬೇಕು. ಹಳೆಯದರ ಬೆನ್ನ ಮೇಲೆ 5, 8, 10 ಎಂದು ಅಂಕಿ ಇರುತ್ತದೆ. ಮುಚ್ಚಿದ ಹಲ್ಲುಗಳ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. ಅಂಕಿ ಒಂದೇ ಆದರೂ ಲೋಹದ ಜಿಪ್ಪಿನ ರನ್ನರ್ ನೈಲಾನಿಗೆ ಆಗುವುದಿಲ್ಲ. ತುದಿಯ ಹೊಲಿಗೆ ಬಿಚ್ಚಿ, ಎರಡೂ ಪಟ್ಟಿಗಳನ್ನು ಸಮವಾಗಿ ತೂರಿಸಬೇಕು. ಒಂದು ಕಡೆ ಒಂದೇ ಹಲ್ಲು ಮುಂದಾದರೂ ಇನ್ನೊಂದು ಕೊನೆಯಲ್ಲಿ ಬಟ್ಟೆ ಮುದುಡುತ್ತದೆ. ಆಮೇಲೆ ದಪ್ಪ ದಾರದಲ್ಲಿ ತುದಿ ಹೊಲಿದು ಭದ್ರ ಮಾಡುತ್ತಾರೆ.

ಈಗಿನ ಬಹುತೇಕ ಸೂಟ್‌ಕೇಸುಗಳಲ್ಲಿ ಬಿಡಿ ಹಲ್ಲುಗಳಿಲ್ಲ. ಪಟ್ಟಿಯ ಉದ್ದಕ್ಕೂ ಹೊಲಿದ ಸುರುಳಿ ಎಳೆಯೇ ಹಲ್ಲಿನ ಕೆಲಸ ಮಾಡುತ್ತದೆ. ಹಾಗಾಗಿ ತುರುಕಿದ ಬ್ಯಾಗ್ ನಡುವೆ ಬಾಯಿ ಬಿಟ್ಟರೆ ಗಾಬರಿಯಾಗಬೇಡಿ, ರನ್ನರನ್ನು ಮೊದಲ ತುದಿಗೆ ಒಯ್ದು ಮತ್ತೆ ಎಳೆಯಿರಿ. ಸುರುಳಿಯೇ ಜಜ್ಜಿಹೋಗಿದ್ದರೆ ಅಥವಾ ಕಾವಿಗೆ ಕರಗಿದ್ದರೆ ಮಾತ್ರ ಇಡೀ ಜಿಪ್ ಬದಲಿಸಬೇಕು.

ಬ್ಯಾಗಿನ ಒಳಪದರದ ಬಟ್ಟೆ ಸಿಕ್ಕಿಕೊಂಡಾಗ ನಾವೆಲ್ಲ ರನ್ನರನ್ನು ಜಗ್ಗುತ್ತೇವೆ. ಅವರು ಮೊದಲು ರನ್ನರನ್ನು ಮುಟ್ಟುವುದೇ ಇಲ್ಲ. ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಅದು ಒಳಹೋದ ದಾರಿಯಲ್ಲೇ ಅಡ್ಡಡ್ಡ ಎಳೆಯುತ್ತಾ ಬಂದು, ಅದು ಸಡಿಲವಾದ ಮೇಲೆ ರನ್ನರನ್ನು ಒಂದು ಹಲ್ಲಿನಷ್ಟು ಹಿಂದೆ ಸರಿಸುತ್ತಾರೆ. ಬರಿ ಒಣಗಿ ಬಿಗಿಯಾದ ಜಿಪ್ಪಿಗೆ ಹಳೆಯ ಟೂತ್‌ಬ್ರಶ್‌ನಲ್ಲಿ ಧೂಳು ಉಜ್ಜಿ ತೆಗೆದು, ಮೇಣದ ಬತ್ತಿ ಸವರಿ, ನಾಲ್ಕು ಸಲ ಓಡಿಸಿ, ಉಳಿದ ಮೇಣ ಒರೆಸಿದರೆ ಸಾಕು. ಲೋಹದ ಹಲ್ಲಿಗೆ ಪೆನ್ಸಿಲ್ ಸೀಸವೂ ಆಗುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅಂದು ಜಾರುತ್ತದೆ ನಿಜ, ಹದಿನೈದು ದಿನದಲ್ಲಿ ಧೂಳೆಲ್ಲ ಮೆತ್ತಿಕೊಂಡು ಮೊದಲಿಗಿಂತ ಕೆಟ್ಟದಾಗುತ್ತದೆ.

ಅಷ್ಟಕ್ಕೂ ರನ್ನರ್ ಸವೆಯುವುದು ನಮ್ಮ ಕೈಯಿಂದಲೇ. ಮೊಣಕಾಲೂರಿ ಮುಚ್ಚುವ ಸೂಟ್‌ಕೇಸಿನಲ್ಲಿ ಎರಡು ಅಂಚುಗಳನ್ನು ಹತ್ತಿರ ತರುವ ಭಾರವನ್ನೆಲ್ಲ ಆ ಪುಟ್ಟ ತುಂಡಿನ ಮೇಲೆ ಹೊರಿಸುತ್ತೇವೆ. ಒಂದು ಕೈಯಿಂದ ಅಂಚು ಕೂಡಿಸಿ, ಇನ್ನೊಂದರಿಂದ ಎಳೆಯಬೇಕು. ಮೂಲೆ ತಿರುಗುವಲ್ಲಂತೂ ನಿಧಾನ ಬೇಕೇ ಬೇಕು.

ಜೂನ್‌ನಲ್ಲಿ ಶಾಲೆ ಶುರುವಾದರೆ ಅವರ ಮುಂದೆ ಮಕ್ಕಳ ಬ್ಯಾಗುಗಳ ರಾಶಿ ಬೀಳುತ್ತದೆ. ಊರಿಗೆ ಹೊರಡುವ ರಾತ್ರಿ ಅಟ್ಟದಿಂದ ಸೂಟ್‌ಕೇಸ್ ಇಳಿಸುವ ಬದಲು ನಾಲ್ಕು ದಿನ ಮೊದಲೇ ಇಳಿಸಿ, ಜಿಪ್ಪನ್ನು ಒಂದು ಸುತ್ತು ಪೂರ್ತಿ ಎಳೆದು ನೋಡಿ. ಕಚ್ಚದಿದ್ದರೆ ನಿಮ್ಮೂರಿನಲ್ಲೂ ಇಂಥವರೊಬ್ಬರು ಇರುತ್ತಾರೆ, ಅವರ ಹತ್ತಿರ ಒಯ್ಯಿರಿ.